ಮಳೆ ಹೊಳವಾದ ದಿನವನ್ನು ಹುಡುಕುತ್ತ

ಮೂಡಿಗೆರೆ, ಕೊಪ್ಪ, ಸಕಲೇಶಪುರದ ಕಡೆಯ ತೋಟಗಳಲ್ಲಿ ಮಳೆಯನ್ನು ಇಂದಿಗೂ ಇಂಚು, ಸೆಂಟ್ಸ್ ಲೆಕ್ಕದಲ್ಲೇ ಹೇಳುತ್ತಾರೆ. ಇಂಚಿನ ನೂರನೇ ಒಂದು ಭಾಗಕ್ಕೆ ಒಂದು ಸೆಂಟು. ಆ ತೋಟಗಳಲ್ಲಿ ನಾವು ನಿಲ್ಲಿಸಿದ ಮಳೆಮಾಪಕದ ಒಳಗೆ ತಕ್ಕಡಿಯ ಹಾಗೆ ಅತ್ತಿತ್ತ ಮಗುಚುವ ಎರಡು ಪುಟ್ಟ ಬಟ್ಟಲುಗಳಿವೆ. ಒಂದು ಬಟ್ಟಲು ತುಂಬಿ ಮಗುಚಿತೆಂದರೆ ಒಂದು ಸೆಂಟು ಮಳೆಯಾಯಿತು. ಎಣಿಕೆ 15 ನಿಮಿಷಕ್ಕೊಮ್ಮೆ ಮೊಬೈಲ್ ಜಾಲದ ಮೂಲಕ ಚಿಕ್ಕಮಗಳೂರಿನ ನಮ್ಮ ಕೋಣೆಯಲ್ಲಿರುವ ನಾಲ್ಕು ಕೋರ್‌ಗಳ ಕಂಪ್ಯೂಟರಿಗೆ ಬರುತ್ತದೆ. ಕೋರ್ ಎಂದರೆ ಕಂಪ್ಯೂಟರಿನೊಳಗೆ ಲೆಕ್ಕ ಮಾಡುವ ಘಟಕ.

ಅಂಕಿ ಬಂದ ಮೇಲೆ ಏನು ಮಾಡಬೇಕೆಂಬುದು ಮಾತ್ರ ಒಬ್ಬೊಬ್ಬ ಬೆಳೆಗಾರರದು ಒಂದೊಂದು ಬಗೆ. ಮಾರ್ಚ್‌ನಲ್ಲಿ ಹೂಮಳೆ ಅರ್ಧ ಇಂಚಿಗೇ ನಿಂತುಬಿಟ್ಟರೆ ಸ್ಪ್ರಿಂಕ್ಲರ್ ಹಾಕಲು ಕೂಡಲೇ ಕರೆ ಬರಬೇಕು ಎನ್ನುತ್ತಾರೆ ರೋಬಸ್ಟಾ ಕಾಫಿಯವರು. ಜುಲೈಯಲ್ಲಿ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯಲು ಮಳೆ ಹೊಳವಾದ ದಿನ ಬೇಕು ಎನ್ನುತ್ತಾರೆ ಮತ್ತೊಬ್ಬರು. ಇಷ್ಟೆಲ್ಲ ನಿಯಮಗಳನ್ನು ನಾವೇ ಬರೆದುಕೊಡುವುದು ಆಗದ ಮಾತು. ಅದಕ್ಕಾಗಿ ಅವರ ಮನೆಯ ಹುಡುಗರಿಗೆ ಲುವಾ ಎಂಬ ಚಿಕ್ಕ ಸ್ಕ್ರಿಪ್ಟಿಂಗ್ ಭಾಷೆಯನ್ನು ಕಲಿಸಿದೆವು. ಅಂಕಿಗಳನ್ನು ಸ್ವೀಕರಿಸುವ ಮುಖ್ಯ ವ್ಯವಸ್ಥೆ ಎರ್ಲಾಂಗ್ ಎಂಬ ಇನ್ನೊಂದು ಪ್ರೋಗ್ರಾಮಿಂಗ್ ಭಾಷೆಯಲ್ಲಿತ್ತು. ಲುವಾ ಅದರ ಹೊಟ್ಟೆಯೊಳಗೆ ಓಡುತ್ತಿತ್ತು.

ಕೆಲವು ವರ್ಷಗಳ ಹಿಂದಿನ ಜುಲೈಯಲ್ಲಿ ಎಲ್ಲವೂ ನಿಂತುಹೋಯಿತು. ಕಾರಣ ನಾಲ್ಕು ಸಾಲಿನ ಒಂದು ಸ್ಕ್ರಿಪ್ಟು. ಕೊನೆಯ ಸಲ ಬೋರ್ಡೋ ಹೊಡೆದ ದಿನದಿಂದ ಶುರುಮಾಡಿ, ಮಳೆ ಸೊನ್ನೆಯಾದ ದಿನ ಸಿಗುವವರೆಗೆ ಒಂದೊಂದೇ ದಿನ ಮುಂದಕ್ಕೆ ಹೋಗು ಎಂದು ಅದರಲ್ಲಿ ಬರೆದಿತ್ತು. ಜೂನ್‌ನಲ್ಲಿ ಸರಿಯಾಗಿಯೇ ಓಡಿತ್ತು. ಜುಲೈಯಲ್ಲಿ ಸೊನ್ನೆಯ ದಿನವೇ ಇರಲಿಲ್ಲ. ಪಟ್ಟಿ ಮುಗಿದ ಮೇಲೆ ಲುವಾ ಸೊನ್ನೆಯನ್ನು ಕೊಡುವುದಿಲ್ಲ, ‘ನಿಲ್’ ಕೊಡುತ್ತದೆ. ಕನ್ನಡದ ಕಿವಿಗೆ ಅದು ನಿಲ್ಲು ಎಂದಂತೆಯೇ ಕೇಳಿಸುತ್ತದೆ, ಆದರೆ ಲುವಾದಲ್ಲಿ ಅದರ ಅರ್ಥ ‘ಇಲ್ಲಿ ಏನೂ ಇಲ್ಲ’ ಎಂದಷ್ಟೇ. ನಿಲ್ ಸೊನ್ನೆಗೆ ಸಮನಲ್ಲವಾದ್ದರಿಂದ ಮಳೆ ಇನ್ನೂ ಬಿಟ್ಟಿಲ್ಲ ಎಂದುಕೊಂಡು ಸ್ಕ್ರಿಪ್ಟು ಆಗಸ್ಟ್, ಸೆಪ್ಟೆಂಬರ್ ದಾಟಿ, ಬರದೇ ಇರುವ ವರ್ಷಗಳೊಳಕ್ಕೆ ನಡೆಯುತ್ತಲೇ ಹೋಯಿತು. ಆ ತೋಟದಿಂದ 15 ನಿಮಿಷಕ್ಕೊಂದರಂತೆ ಅಂಕಿ ಬಂದಾಗಲೆಲ್ಲ ಒಂದೊಂದು ಕೋರ್ ಸಿಕ್ಕಿಕೊಂಡಿತು. ಒಂದು ಗಂಟೆಯೊಳಗೆ ನಾಲ್ಕೂ ಮುಗಿದವು. ಜಿಲ್ಲೆಯಲ್ಲಿ ಧಾರಾಕಾರ ಮಳೆ ಸುರಿಯುತ್ತಿದ್ದ ಸಂಜೆ ಯಾವ ತೋಟದ ಲೆಕ್ಕವೂ ನಮಗೆ ಬರಲಿಲ್ಲ.

ಎಂಥ ದೋಷ ಬಂದರೂ ತಡೆದುಕೊಳ್ಳುತ್ತದೆ ಎಂದು ನಂಬಿಯೇ ಎರ್ಲಾಂಗ್ ಆರಿಸಿಕೊಂಡಿದ್ದೆವು. ಅದು ಹೀಗೇಕೆ ಸೋತಿತು ಎಂದು ತಿಳಿಯಲು ನಾನು ಅದರ ಹಳೆಯ ಕಥೆಗೇ ಹೋಗಬೇಕಾಯಿತು.

ಎರ್ಲಾಂಗ್ ಹುಟ್ಟಿದ್ದು ಟೆಲಿಫೋನ್ ಎಕ್ಸ್‌ಚೇಂಜಿಗಾಗಿ. 1986ರಲ್ಲಿ ಸ್ವೀಡನ್ನಿನ ಎರಿಕ್ಸನ್ ಕಂಪನಿಯ ಪ್ರಯೋಗಾಲಯದಲ್ಲಿ ಜೋ ಆರ್ಮ್‌ಸ್ಟ್ರಾಂಗ್ ಅದನ್ನು ಶುರುಮಾಡಿದರು. ರಾಬರ್ಟ್ ವರ್ಡಿಂಗ್, ಮೈಕ್ ವಿಲಿಯಮ್ಸ್ ಜೊತೆಯಾದರು. ದೂರವಾಣಿ ದಟ್ಟಣೆಯ ಗಣಿತ ಕಟ್ಟಿದ ಡೆನ್ಮಾರ್ಕಿನ ಆಗ್ನರ್ ಎರ್ಲಾಂಗ್ ಅವರ ಹೆಸರೇ ಭಾಷೆಗೂ ಬಂತು. ಒಬ್ಬರ ಕರೆ ಕೆಟ್ಟರೆ ಊರಿನ ಉಳಿದ ಕರೆಗಳು ಕೆಡಬಾರದು ಎಂಬುದೇ ಅದರ ಮೂಲ ಹಟ. ಪ್ರತಿ ಕರೆಗೂ ಒಂದು ಪುಟ್ಟ ಪ್ರಕ್ರಿಯೆ, ಅದಕ್ಕೆ ಅದರದೇ ಸ್ಮೃತಿ. ತಪ್ಪಾದರೆ ಸಾವರಿಸಲು ಹೋಗದೆ ಬೀಳಲು ಬಿಡಬೇಕು, ಮೇಲ್ವಿಚಾರಕ ಪ್ರಕ್ರಿಯೆ ಹೊಸದನ್ನು ಎಬ್ಬಿಸುತ್ತದೆ. 1998ರಲ್ಲಿ ಎರಿಕ್ಸನ್ನಿನ ಒಂದು ವಿಭಾಗ ಹೊಸ ಉತ್ಪನ್ನಗಳಲ್ಲಿ ಈ ಭಾಷೆಯನ್ನು ಬಳಸಬಾರದೆಂದಿತು. ಅದೇ ವರ್ಷದ ಡಿಸೆಂಬರ್‌ನಲ್ಲಿ ಅದು ಮುಕ್ತ ತಂತ್ರಾಂಶವಾಗಿ ಹೊರಬಂತು. ವಾಟ್ಸ್‌ಆಪ್ ಅದರ ಮೇಲೆ ಬೆಳೆದದ್ದು ಆಮೇಲಿನ ಮಾತು.

ಬೀಳುವುದು, ಏಳುವುದು ಎಲ್ಲರಿಗೂ ಗೊತ್ತು. ನಾನು ಕಡೆಗಣಿಸಿದ್ದು ಸಮಯದ ಹಂಚಿಕೆಯನ್ನು. ಕಾಫಿ ಕೊಯ್ಲಿನಲ್ಲಿ ಮೇಸ್ತ್ರಿ ಸಾಲು ಹಂಚುವಂತೆ, ಎರ್ಲಾಂಗ್‌ನ ಶೆಡ್ಯೂಲರ್ ಪ್ರತಿ ಪ್ರಕ್ರಿಯೆಗೂ ‘ರಿಡಕ್ಷನ್’ ಎಂಬ ಅಳತೆಯಲ್ಲಿ ಕೆಲಸ ಹಂಚುತ್ತದೆ. ಒಂದು ಫಂಕ್ಷನ್ ಕರೆಗೆ ಸುಮಾರಾಗಿ ಒಂದು ರಿಡಕ್ಷನ್. ಇಂದಿನ ಆವೃತ್ತಿಗಳಲ್ಲಿ 4000 ಮುಗಿದ ಕೂಡಲೇ ಸರದಿ ಬೇರೆಯವರಿಗೆ ಹೋಗುತ್ತದೆ. ಆದರೆ ಈ ಎಣಿಕೆ ನಡೆಯುವುದು ಎರ್ಲಾಂಗ್ ಯಂತ್ರಕ್ಕೆಂದೇ, ಅಂದರೆ ಎರ್ಲಾಂಗ್ ಪ್ರೋಗ್ರಾಮುಗಳನ್ನು ಓಡಿಸುವ ತಂತ್ರಾಂಶಕ್ಕೆಂದೇ, ತಯಾರಾದ ಸಂಕೇತದಲ್ಲಿ ಮಾತ್ರ. ಸಿ ಭಾಷೆಯಲ್ಲಿ ಬರೆದ ಅತಿಥಿ ಎಷ್ಟು ಹೊತ್ತು ಓಡಿತೆಂದು ಶೆಡ್ಯೂಲರಿಗೆ ಕಾಣುವುದಿಲ್ಲ.

ಲುವಾ ಅಂಥ ಅತಿಥಿ. 1993ರಲ್ಲಿ ಬ್ರೆಜಿಲ್‌ನ ರಿಯೊ ಕ್ಯಾಥೊಲಿಕ್ ವಿಶ್ವವಿದ್ಯಾಲಯದಲ್ಲಿ ರೊಬೆರ್ಟೊ ಇರುಸಾಲಿಮ್‌ಸ್ಕಿ ಮತ್ತು ಇಬ್ಬರು ಸಂಗಡಿಗರು ಅದನ್ನು ರೂಪಿಸಿದರು. ಅದಕ್ಕೂ ಮುಂಚೆ ಪೆಟ್ರೊಬ್ರಾಸ್ ತೈಲ ಕಂಪನಿಯ ಎಂಜಿನಿಯರುಗಳಿಗಾಗಿ ಮಾಡಿದ್ದ ಎರಡು ಪುಟ್ಟ ಭಾಷೆಗಳಿಂದ ಅದು ಬೆಳೆದು ಬಂತು. ತಂತ್ರಾಂಶದ ಒಡಲನ್ನು ಮುಟ್ಟದೆ ಬಳಸುವವರೇ ನಿಯಮ ಬದಲಿಸಿಕೊಳ್ಳಬೇಕು ಎಂಬ ನಮ್ಮ ಬೆಳೆಗಾರರ ಬೇಡಿಕೆಯೇ ಅಲ್ಲಿಯೂ ಇತ್ತು. ಪೋರ್ಚುಗೀಸಿನಲ್ಲಿ ಲುವಾ ಎಂದರೆ ಚಂದ್ರ.

ಅತಿಥಿಯನ್ನು ಎಲ್ಲಿ ಕೂರಿಸಬೇಕೆಂಬ ಪ್ರಶ್ನೆಗೆ ಎರ್ಲಾಂಗ್‌ನವರ ಹಳೆಯ ಉತ್ತರ ‘ಪೋರ್ಟ್’. ಅತಿಥಿ ಬೇರೆಯದೇ ಪ್ರೋಗ್ರಾಮ್ ಆಗಿ ಹೊರಗೆ ಓಡಲಿ, ನಡುವೆ ಬೈಟುಗಳ ಕೊಳವೆ ಇರಲಿ. ಅದು ಸತ್ತರೆ ಕೊಳವೆ ಮುಚ್ಚುತ್ತದೆ, ಅಷ್ಟೇ. ಕೌಚ್‌ಡಿಬಿ ದತ್ತಸಂಚಯ ಜಾವಾಸ್ಕ್ರಿಪ್ಟನ್ನು ಹೀಗೆಯೇ ಹೊರಗಿಟ್ಟು, ಪ್ರತಿ ದಾಖಲೆಯನ್ನೂ ಒಂದೊಂದು ಸಾಲಿನ ಪಠ್ಯವಾಗಿ ಅತ್ತ ಕಳಿಸಿ ಇತ್ತ ತರಿಸಿಕೊಳ್ಳುತ್ತ ಬಂದಿದೆ. ಈ ಓಡಾಟ ದುಬಾರಿಯಾದರೂ ಮನೆ ಭದ್ರ. ರಿಯಾಕ್ ದತ್ತಸಂಚಯ ಕಟ್ಟಿದ ಬಾಷೊ ಕಂಪನಿ ಬೇರೆ ದಾರಿ ಹಿಡಿದು, ಮೊಜಿಲ್ಲಾದ ಜಾವಾಸ್ಕ್ರಿಪ್ಟ್ ಎಂಜಿನ್ನನ್ನು ಡ್ರೈವರ್ ರೂಪದಲ್ಲಿ ಯಂತ್ರದೊಳಕ್ಕೇ ತಂದಿತು. ಅಂಥ ಎಂಜಿನ್ನುಗಳನ್ನು ಬೆರಳೆಣಿಕೆಯಷ್ಟೇ ಇಡಬಹುದಿತ್ತು, ಎಲ್ಲ ಪ್ರಶ್ನೆಗಳೂ ಅವುಗಳ ಮುಂದೆ ಕಾಯಬೇಕಿತ್ತು. ಕೊನೆಗೆ ರಿಯಾಕ್ ಆ ಸೌಲಭ್ಯವನ್ನೇ ಕೈಬಿಡುವತ್ತ ಹೋಯಿತು.

2009ರ ಕೊನೆಯಲ್ಲಿ ‘ನಿಫ್’ ಬಂತು. ಸಿ ಫಂಕ್ಷನ್ನನ್ನು ಎರ್ಲಾಂಗ್ ಫಂಕ್ಷನ್ನಿನಂತೆಯೇ ನೇರವಾಗಿ ಕರೆಯುವ ಏರ್ಪಾಡು ಇದು. ಬಹಳ ವೇಗ, ಬಹಳ ಸುಲಭ. ನಾವು ಲುವಾವನ್ನು ಒಳಗೆ ಕೂರಿಸಿದ್ದೂ ಹೀಗೆಯೇ. ಸಿ ಭಾಗ ಕುಸಿದರೆ ಇಡೀ ಯಂತ್ರವೇ ಕುಸಿಯುತ್ತದೆ ಎಂಬ ಎಚ್ಚರಿಕೆಯನ್ನು ಎಲ್ಲರೂ ಓದಿರುತ್ತಾರೆ, ನಾನೂ ಓದಿದ್ದೆ. ಕರೆ ಸುಮಾರು ಒಂದು ಮಿಲಿಸೆಕೆಂಡಿನೊಳಗೆ ಮರಳಬೇಕು ಎಂಬ ಇನ್ನೊಂದು ಎಚ್ಚರಿಕೆಯೂ ಅಲ್ಲೇ ಇದೆ. ನಮ್ಮನ್ನು ಕೆಡಿಸಿದ್ದು ಅದು. ಆ ಜುಲೈಯ ಸಂಜೆ ಏನೂ ಕುಸಿದಿರಲಿಲ್ಲ. ಕುಸಿದಿದ್ದರೆ ಮತ್ತೆ ಎಬ್ಬಿಸಬಹುದಿತ್ತು. ಎಬ್ಬಿಸಬೇಕಾದ ಮೇಲ್ವಿಚಾರಕನಿಗೇ ಓಡಲು ಸರದಿ ಸಿಗಲಿಲ್ಲ. ಇನ್ನೊಂದು ಭಾಷೆಯನ್ನು ಒಳಗೆ ಕೂರಿಸುವ ಬಗ್ಗೆ ಮಾತನಾಡುವವರೆಲ್ಲ ಕುಸಿತಕ್ಕೇ ಹೆದರುತ್ತಾರೆ. ಹಿಡಿದ ಸಮಯವನ್ನು ಬಿಟ್ಟುಕೊಡದ ಅತಿಥಿ ಅದಕ್ಕಿಂತ ಅಪಾಯಕಾರಿ ಎಂದು ನನಗೆ ಈಗ ಖಚಿತವಾಗಿ ಗೊತ್ತು.

ಎರ್ಲಾಂಗ್ ಕಟ್ಟುವವರಿಗೂ ಇದು ಗೊತ್ತಿತ್ತು. ತಡವಾಗುವ ಸಿ ಕೆಲಸಕ್ಕೆಂದೇ ಪ್ರತ್ಯೇಕವಾದ ‘ಡರ್ಟಿ ಶೆಡ್ಯೂಲರ್’ಗಳನ್ನು 2014ರಲ್ಲಿ ಪ್ರಯೋಗಕ್ಕೆ ತಂದು, 2017ರ 20ನೇ ಆವೃತ್ತಿಯಲ್ಲಿ ತಾನಾಗಿಯೇ ಸಿಗುವಂತೆ ಮಾಡಿದರು. ನಾವೂ ಲುವಾವನ್ನು ಅಲ್ಲಿಗೆ ಸಾಗಿಸಿ ನೋಡಿದೆವು. ಮುಖ್ಯ ವ್ಯವಸ್ಥೆ ಉಸಿರಾಡಿತು. ಆದರೆ ಗಣನೆಯ ಕೆಲಸಕ್ಕಿರುವ ಈ ಶೆಡ್ಯೂಲರುಗಳೂ ಕೋರ್‌ಗಳಷ್ಟೇ. ನಾಲ್ಕು ಮುಗಿಯದ ಸ್ಕ್ರಿಪ್ಟುಗಳು ಸೇರಿದರೆ ಅವೂ ತುಂಬಿಹೋಗುತ್ತವೆ. ಪ್ರಕ್ರಿಯೆಯನ್ನು ಕೊಂದರೂ ಒಳಗಿನ ಸಿ ಕೆಲಸ ತಾನಾಗಿ ಮರಳುವವರೆಗೆ ನಿಲ್ಲುವುದಿಲ್ಲ. ಇಷ್ಟು ಆದೇಶಗಳಾದ ಮೇಲೆ ನಿಲ್ಲಿಸು ಎಂದು ಹೇಳುವ ಕೊಕ್ಕೆ ಲುವಾದಲ್ಲೇ ಇದೆ, ಅದನ್ನು ನಾವು ಮೊದಲೇ ಹಾಕಿಕೊಳ್ಳಬೇಕಿತ್ತು.

ನಮಗೆ ಕೊನೆಗೆ ಒದಗಿದ್ದು ಎರ್ಲಾಂಗ್‌ನ ಹಿರಿಯರಲ್ಲಿ ಒಬ್ಬರಾದ ವರ್ಡಿಂಗ್ ಅವರದೇ ಕೆಲಸ. ಸಿ ಭಾಷೆಯ ಲುವಾವನ್ನು ಅವರು ಒಳಗೆ ತರಲಿಲ್ಲ, ಲುವಾವನ್ನೇ ಎರ್ಲಾಂಗ್‌ನಲ್ಲಿ ಹೊಸದಾಗಿ ಬರೆದರು. ಅದರ ಹೆಸರು ಲುವೆರ್ಲ್. ಇಲ್ಲಿ ಲುವಾದ ಪ್ರತಿ ಹೆಜ್ಜೆಯೂ ಎರ್ಲಾಂಗ್ ಫಂಕ್ಷನ್ ಕರೆ, ಹಾಗಾಗಿ ಪ್ರತಿ ಹೆಜ್ಜೆಗೂ ರಿಡಕ್ಷನ್ ಲೆಕ್ಕ ಬೀಳುತ್ತದೆ. ಮುಗಿಯದೆ ಸುತ್ತುತ್ತಲೇ ಇರುವ ಸ್ಕ್ರಿಪ್ಟೂ 4000ಕ್ಕೊಮ್ಮೆ ಎದ್ದು ದಾರಿ ಬಿಡಲೇಬೇಕು. ಲುವಾದ ಕೋಷ್ಟಕಗಳು ಬದಲಾಗುತ್ತಿರುತ್ತವೆ, ಎರ್ಲಾಂಗ್‌ನ ಮೌಲ್ಯಗಳು ಬದಲಾಗುವುದಿಲ್ಲ. ಈ ವೈರುಧ್ಯವನ್ನು ದಾಟಲು ಲುವಾದ ಇಡೀ ಸ್ಥಿತಿಯನ್ನು ಒಂದೇ ಎರ್ಲಾಂಗ್ ಮೌಲ್ಯವಾಗಿ ಕೈಯಿಂದ ಕೈಗೆ ದಾಟಿಸುತ್ತಾರೆ. ಅದರಿಂದ ನಮಗೊಂದು ದೊಡ್ಡ ಲಾಭವಾಯಿತು. ಸ್ಕ್ರಿಪ್ಟು ಎಡವಿದರೆ ಅದಕ್ಕೂ ಮುಂಚಿನ ಸ್ಥಿತಿ ಕೈಯಲ್ಲೇ ಇರುತ್ತದೆ. ಸಿ ಲುವಾಕ್ಕಿಂತ ಇದು ನಿಧಾನ, ಅದನ್ನು ಮುಚ್ಚಿಡುವಂತಿಲ್ಲ. 15 ನಿಮಿಷಕ್ಕೊಮ್ಮೆ ಬರುವ ಮಳೆಯ ಲೆಕ್ಕಕ್ಕೆ ಆ ನಿಧಾನ ತಾಕುವುದೇ ಇಲ್ಲ. ಸಂವೇದಕಗಳ ಸಂದೇಶ ಸಾಗಿಸುವ ವರ್ನ್‌ಎಂಕ್ಯು ಎಂಬ ಎರ್ಲಾಂಗ್ ತಂತ್ರಾಂಶವೂ ತನ್ನ ಬಳಕೆದಾರರಿಗೆ ಲುವಾ ಕೊಟ್ಟಿರುವುದು ಲುವೆರ್ಲ್ ಮೂಲಕವೇ.

2025ರಲ್ಲಿ ಎರ್ಲಾಂಗ್ ಯಂತ್ರದ ಮೇಲೆಯೇ ಓಡುವ ಎಲಿಕ್ಸಿರ್ ಭಾಷೆಯ ಬಳಗದವರು ಪೈಥಾನ್ಎಕ್ಸ್ ಹೊರತಂದು ಪೈಥಾನ್ ಭಾಷೆಯನ್ನು ನಿಫ್ ಮೂಲಕ ಅದೇ ಯಂತ್ರದೊಳಗೆ ಕೂರಿಸಿದ್ದಾರೆ. ಪೈಥಾನಿನ ಲೆಕ್ಕದ ಗ್ರಂಥಾಲಯಗಳೆಲ್ಲ ಇದರಿಂದ ಕೈಗೆ ಸಿಗುತ್ತವೆ, ಒಬ್ಬರೇ ಕುಳಿತು ದತ್ತಾಂಶ ನೋಡಲು ಸೊಗಸಾಗಿದೆ. ಆದರೆ ಪೈಥಾನಿಗೆ ತನ್ನದೇ ಒಂದು ಬೀಗವಿದೆ. ಸಾಮಾನ್ಯವಾಗಿ ಒಂದು ಹೊತ್ತಿಗೆ ಒಂದೇ ಎಳೆ ಪೈಥಾನ್ ಸಂಕೇತವನ್ನು ಓಡಿಸಬಹುದು. ಹತ್ತಾರು ತೋಟದವರ ಸ್ಕ್ರಿಪ್ಟುಗಳನ್ನು ನಾನು ಅಲ್ಲಿ ಓಡಿಸಲಾರೆ.

ಈಗ ನಮ್ಮಲ್ಲಿ ಪ್ರತಿ ಸ್ಕ್ರಿಪ್ಟಿಗೂ ಒಂದು ಪ್ರಕ್ರಿಯೆ, ಅದಕ್ಕೆ ರಿಡಕ್ಷನ್ ಮಿತಿ, ಸ್ಮೃತಿಯ ಮಿತಿ. ಬದಲಾವಣೆಯಾದ ಮೇಲೆ ಆ ನಾಲ್ಕು ಸಾಲುಗಳನ್ನೇ ತಿದ್ದದೆ ಮತ್ತೆ ಓಡಿಸಿ ನೋಡಿದೆ. ಮಿತಿ ದಾಟಿತು, ಸತ್ತಿತು, ಪಕ್ಕದ ತೋಟದ ಅಂಕಿ ಯಾವ ತಡೆಯೂ ಇಲ್ಲದೆ ಬಂತು. ಸ್ಕ್ರಿಪ್ಟು ಬರೆದಿದ್ದ ಹುಡುಗ ಮೂಡಿಗೆರೆ ಬಸ್ಸಿನಲ್ಲಿ ಬಂದು ನನ್ನ ಪಕ್ಕದಲ್ಲೇ ಕುಳಿತು, ಪಟ್ಟಿ ಮುಗಿದರೆ ಅಲ್ಲಿಗೇ ನಿಲ್ಲು ಎಂಬ ಐದನೇ ಸಾಲನ್ನು ಸೇರಿಸಿದ. ನಂತರ ಕಿಟಕಿಯಾಚೆ ನೋಡಿ, ಹೊಳವು ಸಿಗದಿದ್ದರೆ ಅಪ್ಪನಿಗೆ ಯಾವ ಸಂದೇಶ ಕಳಿಸಬೇಕು ಎಂದು ಕೇಳಿದ.