ಭ್ರೂಣದ ಪೊರೆಗಳು ಅಂದರೆ ಏನು?

'ಪೊರೆ' ಅಂದರೆ ತೆಳ್ಳನೆಯ ಪದರ. ಹಾವು ಬಿಡುವುದು ಪೊರೆ, ಕಣ್ಣಿಗೆ ಬರುವುದೂ ಪೊರೆ. ಆದರೆ 'ಪೊರೆಯುವುದು' ಅಂದರೆ ಕಾಪಾಡಿ ಸಾಕುವುದು. ಭ್ರೂಣದ ಪೊರೆಗಳಿಗೆ ಈ ಎರಡು ಅರ್ಥವೂ ಒಪ್ಪುತ್ತವೆ. ಅದಕ್ಕೇ ನನಗೆ ಈ ಪದ ತುಂಬಾ ಇಷ್ಟ.

ಹಾವು, ಹಲ್ಲಿ, ಹಕ್ಕಿ, ಸಸ್ತನಿಗಳ ಭ್ರೂಣಕ್ಕೆ ಇಂಥ 4 ಪೊರೆಗಳಿವೆ: ಆಮ್ನಿಯಾನ್, ಕೋರಿಯಾನ್ (ಎಲ್ಲಕ್ಕೂ ಹೊರಗಿನ ಪೊರೆ), ಅಲಾಂಟಾಯಿಸ್, ಹಳದಿ ಚೀಲ. ಇವನ್ನು ತಾಯಿಯ ದೇಹ ಕಟ್ಟುತ್ತದೆ ಅಂತ ಅನ್ನಿಸಬಹುದು. ಹಾಗಲ್ಲ. ಯಾವ ಒಂದು ಕೋಶದಿಂದ ಮರಿ ಬೆಳೆಯುತ್ತದೋ ಅದರಿಂದಲೇ ಇವೂ ಬೆಳೆಯುತ್ತವೆ. ಹೆರಿಗೆ ಆದಮೇಲೆ ಬೀಳುವ ಮಾಸಿನಲ್ಲೂ ತಾಯಿಯ ಪಾಲು ಸ್ವಲ್ಪವೇ, ಉಳಿದದ್ದೆಲ್ಲ ಮಗುವಿನ ಕೋರಿಯಾನಿನಿಂದ ಬಂದದ್ದು.

ಕಪ್ಪೆ ಸಾಮಾನ್ಯವಾಗಿ ನೀರಲ್ಲೇ ಮೊಟ್ಟೆ ಇಡುತ್ತದೆ, ಭ್ರೂಣ ಒಣಗುವ ಭಯವಿಲ್ಲ. ನೆಲದ ಮೇಲಿನ ಪ್ರಾಣಿಗೆ ಆ ಅನುಕೂಲ ಇಲ್ವಲ್ಲ, ಅದಕ್ಕೆ ಆಮ್ನಿಯಾನ್ ಭ್ರೂಣದ ಸುತ್ತ ನೀರು ತುಂಬಿದ ಚೀಲವಾಗುತ್ತದೆ. ಹೆರಿಗೆಯ ಹೊತ್ತಿಗೆ 'ನೀರು ಒಡೆಯಿತು' ಅನ್ನುತ್ತೇವಲ್ಲ, ಆಗ ಒಡೆಯುವುದು ಈ ಚೀಲ ಮತ್ತು ಅದಕ್ಕೆ ಅಂಟಿಕೊಂಡ ಕೋರಿಯಾನ್.

ನನಗೆ ಅತಿ ಸೋಜಿಗದ್ದು ಅಲಾಂಟಾಯಿಸ್. ಕೋಳಿಮರಿ 21 ದಿನ ಮುಚ್ಚಿದ ಚಿಪ್ಪಿನೊಳಗೆ ಇರುತ್ತದೆ. ಅದು ಉಸಿರಾಡುವುದು ಹೇಗೆ, ಅದರ ಕಸ ಹೋಗುವುದೆಲ್ಲಿಗೆ? ಎರಡಕ್ಕೂ ಈ ಒಂದೇ ಚೀಲ. ಕಸವನ್ನು ಒಳಗೆ ಕೂಡಿಟ್ಟುಕೊಳ್ಳುತ್ತಲೇ ಅದು ಹಿಗ್ಗಿ, ಕೋರಿಯಾನ್ ಜೊತೆ ಬೆಸೆದುಕೊಂಡು, ಚಿಪ್ಪಿನ ಒಳಮೈಗೆಲ್ಲ ರಕ್ತನಾಳಗಳ ಬಲೆ ಹರಡುತ್ತದೆ, ಚಿಪ್ಪಿನ ಸಣ್ಣ ಸಣ್ಣ ರಂಧ್ರಗಳಿಂದ ಬರುವ ಆಮ್ಲಜನಕವನ್ನು ಆ ನಾಳಗಳು ಹೀರುತ್ತವೆ, ಮರಿಯ ಮೂಳೆಗೆ ಬೇಕಾದ ಕ್ಯಾಲ್ಸಿಯಂ ಅನ್ನೂ ಚಿಪ್ಪಿನಿಂದಲೇ ಎಳೆದುಕೊಳ್ಳುತ್ತವೆ. ಕಾವು ಕೊಟ್ಟು ಹತ್ತು ದಿನವಾದ ಮೊಟ್ಟೆಯನ್ನು ಬೆಳಕಿಗೆ ಹಿಡಿದರೆ ಕೆಂಪು ನಾಳಗಳು ಕಾಣುತ್ತವೆ. ಹೆಚ್ಚಿನ ಫ್ಲೂ ಲಸಿಕೆಗಳ ವೈರಸ್ಸನ್ನು ಬೆಳೆಸಿ ತೆಗೆಯುವುದೂ ಇದೇ ಚೀಲದ ದ್ರವದಿಂದ.

ಬೇಯಿಸಿದ ಮೊಟ್ಟೆ ಸುಲಿಯುವಾಗ ಸಿಗುವ ಕಾಗದದಂಥ ಬಿಳಿ ಸಿಪ್ಪೆ ಮಾತ್ರ ಬೇರೆ. ಅದನ್ನು ಸುತ್ತಿದ್ದು ಕೋಳಿ, ಮರಿಯಲ್ಲ.

ಇನ್ನು ಹಳದಿ ಚೀಲ. ಮನುಷ್ಯರ ಭ್ರೂಣದಲ್ಲಿ ಹಳದಿ ಇಲ್ಲದಿದ್ದರೂ ಚೀಲ ಇದೆ, ಮೊದಲ ರಕ್ತಕಣಗಳು ಹುಟ್ಟುವುದು ಅಲ್ಲೇ. ಕೋಳಿಮರಿಗಾದರೆ ಅದೇ ಬುತ್ತಿ. ಮೊಟ್ಟೆ ಒಡೆಯುವ ಸ್ವಲ್ಪ ಮುಂಚೆ ಮರಿ ಉಳಿದ ಹಳದಿಯನ್ನು ಚೀಲದ ಸಮೇತ ತನ್ನ ಹೊಟ್ಟೆಯೊಳಕ್ಕೆ ಎಳೆದುಕೊಳ್ಳುತ್ತದೆ. ಹೊರಗೆ ಬಂದ ಮೊದಲ ಒಂದೆರಡು ದಿನ ಏನೂ ತಿನ್ನದಿದ್ದರೂ ಬದುಕುವುದು ಅದರಿಂದಲೇ.