ಹೊಂಚು ಕುಳಿತವನ ಪಾಲು

ಉಡುಪಿ ಜಿಲ್ಲೆಯ ಮಲ್ಪೆಯ ಪಡುಕೆರೆಯಲ್ಲಿ ಕೈರಂಪಣಿ ಎಂಬ ಉದ್ದನೆಯ ಬಲೆಯನ್ನು ದಡಕ್ಕೆ ಎಳೆಯುವುದನ್ನು ನೋಡಿದವರಿಗೆ ಗುಂಪುಬೇಟೆಯ ಒಳಗುಟ್ಟು ಅರ್ಧ ತಿಳಿದಂತೆಯೇ. ಬಲೆಯ ಒಂದು ತುದಿಯ ಹಗ್ಗವನ್ನು ದಡದಲ್ಲೇ ಬಿಟ್ಟು ಹೊರಡುವ ದೋಣಿ, ಮೀನಿನ ಹಿಂಡನ್ನು ಬಳಸಿಕೊಂಡು ಅರ್ಧಚಂದ್ರದಂತೆ ಬಲೆ ಬಿಡುತ್ತ ಸಾಗಿ, ಇನ್ನೊಂದು ತುದಿಯನ್ನು ದೂರದಲ್ಲಿ ದಡಕ್ಕೆ ಮುಟ್ಟಿಸುತ್ತದೆ. ಆಮೇಲೆ ಎರಡು ಸಾಲು ಜನ ಹಿಮ್ಮಡಿಯನ್ನು ಹೊಯಿಗೆಯಲ್ಲಿ ಊರಿ, ಮೈಯನ್ನು ಹಿಂದಕ್ಕೆ ವಾಲಿಸಿ, ಒಂದೇ ಲಯದಲ್ಲಿ ಎಳೆಯುತ್ತಾರೆ. ಒಂದು ಸಾಲು ಹಿಂದೆ ಬಿದ್ದರೆ ಬಲೆ ಓರೆಯಾಗಿ ಬೂತಾಯಿ, ಬಂಗುಡೆಗಳಿಗೆ ದಾರಿ ಸಿಕ್ಕಿಬಿಡುತ್ತದೆ. ಬೆನ್ನಟ್ಟುವುದಕ್ಕಿಂತ ತಪ್ಪಿಸಿಕೊಳ್ಳುವ ದಾರಿಗಳನ್ನು ಮುಚ್ಚುವುದರಲ್ಲೇ ಈ ಕೆಲಸದ ಜಾಣ್ಮೆಯೆಲ್ಲ ಇದೆ.

ಇದೇ ಜಿಲ್ಲೆಯ ಮೂಡಣ ಅಂಚಿಗೆ ತಾಗಿದ ಕುದುರೆಮುಖದ ಕಾಡಿನಲ್ಲಿ ಸೀಳುನಾಯಿಗಳಿವೆ. ಹೆಚ್ಚೆಂದರೆ 20 ಕಿಲೋದಷ್ಟು ತೂಗುವ ಈ ಪ್ರಾಣಿ ತನಗಿಂತ ಹಲವು ಪಟ್ಟು ದೊಡ್ಡದಾದ ಕಡವೆಯನ್ನು ಕೆಡಹುವುದು ಹಿಂಡಿನ ಬಲದಿಂದ. ಪೊದೆಗಳ ಮರೆಯಲ್ಲಿ ಚದುರಿದವು ಸಿಳ್ಳೆಯಂತಹ ಕೂಗಿನಿಂದ ಮತ್ತೆ ಒಂದುಗೂಡುತ್ತವೆ. ಬ್ರಿಟಿಷರ ಕಾಲದಲ್ಲಿ ಇವನ್ನು ಕ್ರೂರಿಗಳೆಂದು ಬಗೆದು ಕೊಂದವರಿಗೆ ಬಹುಮಾನ ಕೊಡುತ್ತಿದ್ದರು. ಬಿದ್ದ ಬೇಟೆಯನ್ನು ಮೊದಲು ಮರಿಗಳಿಗೆ ಬಿಟ್ಟುಕೊಡುವ ಹಿಂಡಿಗೆ ಆ ಹೆಸರು ಅನ್ಯಾಯವೆಂದೇ ನನ್ನ ಭಾವನೆ.

ಕೆಲಸ ಹಂಚಿಕೊಳ್ಳುವುದು ಇದಕ್ಕಿಂತ ಸೂಕ್ಷ್ಮವಾದದ್ದು. ನಮೀಬಿಯಾದ ಎತೋಷಾದಲ್ಲಿ ಸಿಂಹಿಣಿಗಳನ್ನು ಅಭ್ಯಾಸ ಮಾಡಿದ ಫಿಲಿಪ್ ಸ್ಟ್ಯಾಂಡರ್ 1992ರಲ್ಲಿ ಪ್ರಕಟಿಸಿದಂತೆ, ಕೆಲವು ಸಿಂಹಿಣಿಗಳು ಮತ್ತೆ ಮತ್ತೆ ಪಕ್ಕದಿಂದ ಸುತ್ತಿ ಬಂದರೆ ಉಳಿದವು ನಡುವೆ ಅಡಗಿ ಕಾಯುತ್ತವೆ. ಐವರಿ ಕೋಸ್ಟಿನ ‘ತಾಯಿ’ ಎಂಬ ಮಳೆಕಾಡಿನಲ್ಲಿ ಚಿಂಪಾಂಜಿಗಳು ಕೊಲೊಬಸ್ ಕೋತಿಗಳನ್ನು ಹಿಡಿಯುವಾಗ ಒಂದು ಅಟ್ಟುತ್ತದೆ, ಕೆಲವು ಅಕ್ಕಪಕ್ಕದ ಮರಗಳನ್ನೇರಿ ದಾರಿ ತಡೆಯುತ್ತವೆ, ಅನುಭವಿಯಾದ ಒಂದು ಚಿಂಪಾಂಜಿ, ಕೋತಿ ಎಲ್ಲಿಗೆ ಹಾರೀತೆಂದು ಊಹಿಸಿ ಮುಂಚೆಯೇ ಅಲ್ಲಿ ಹೋಗಿ ಕೂರುತ್ತದೆ. ಪ್ರತಿಯೊಂದೂ ತನಗೆ ಅನುಕೂಲವಾದ ತೆರವು ಜಾಗವನ್ನು ಹಿಡಿಯುತ್ತದೆ, ಅಷ್ಟಕ್ಕೆ ಯೋಜನೆ ಎನ್ನಬೇಕಿಲ್ಲ ಎನ್ನುವ ವಿಜ್ಞಾನಿಗಳೂ ಇದ್ದಾರೆ. ಆ ಆಕ್ಷೇಪ ತಳ್ಳಿಹಾಕುವಂಥದ್ದಲ್ಲ. ಆದರೂ ಅಲ್ಲಿ ದಶಕಗಳ ಕಾಲ ಅಧ್ಯಯನ ನಡೆಸಿದ ಕ್ರಿಸ್ತೋಫ್ ಬೋಶ್ ಕಂಡುಕೊಂಡ ಒಂದು ಸಂಗತಿ ನನಗೆ ಬಹು ಮುಖ್ಯವಾಗಿ ತೋರುತ್ತದೆ: ಬೇಟೆಯಲ್ಲಿ ಕೈಜೋಡಿಸಿದ ಚಿಂಪಾಂಜಿಗೆ, ಅದು ತಾನೇ ಕೋತಿಯನ್ನು ಹಿಡಿಯದಿದ್ದರೂ, ಸುಮ್ಮನಿದ್ದ ಚಿಂಪಾಂಜಿಗಿಂತ ಹೆಚ್ಚು ಮಾಂಸ ಸಿಗುತ್ತದೆ. ಕಾದು ಕೂತದ್ದಕ್ಕೆ ಪಾಲು ಇಲ್ಲವೆಂದಾದರೆ ಮರುದಿನ ಕಾಯುವುದಕ್ಕೆ ಯಾರೂ ಇರುವುದಿಲ್ಲ.

ಮನುಷ್ಯರ ಕುರಿತು ಗಟ್ಟಿ ಸಾಕ್ಷ್ಯ ದೊರೆತದ್ದು ಜರ್ಮನಿಯ ಶೋನಿಂಗೆನ್ ಕಲ್ಲಿದ್ದಲ ಗಣಿಯಲ್ಲಿ. ಕನಿಷ್ಠ 2 ಲಕ್ಷ ವರ್ಷ ಹಳೆಯ, ಹೆಚ್ಚಿನವು ಸುಮಾರು 2 ಮೀಟರ್ ಉದ್ದವಿದ್ದ ಮರದ ಈಟಿಗಳ ಬಗ್ಗೆ ಪುರಾತತ್ವಜ್ಞ ಹಾರ್ಟ್‌ಮುಟ್ ಥೀಮೆ 1997ರಲ್ಲಿ ಬರೆದರು. ಅವು ಸಿಕ್ಕಿದ್ದು ಪುರಾತನ ಕೆರೆಯೊಂದರ ದಂಡೆಯಲ್ಲಿ, ಹತ್ತಾರು ಕುದುರೆಗಳ ಎಲುಬುಗಳ ನಡುವೆ. ಬಯಲಲ್ಲಿ ಓಡುವ ಕುದುರೆ ಕೈಯೀಟಿಯ ಅಳವಿಗೆ ಸುಲಭವಾಗಿ ಸಿಗದು. ಕೆಲವರು ಅಟ್ಟಿಕೊಂಡು ಬಂದು, ಮುಂದೆ ನೀರು ಅಡ್ಡವಾಗಿ, ಪಕ್ಕದಲ್ಲಿ ಈಟಿ ಹಿಡಿದವರು ಕಾಯುತ್ತಿದ್ದರೆಂದು ಭಾವಿಸುವುದೇ ಸಹಜ. ಆ ಎಲುಬುಗಳ ಮೇಲೆ ಕಲ್ಲಿನ ಅಲಗಿನಿಂದ ಮಾಂಸ ಬಿಡಿಸಿದ ಗೀರುಗಳಿವೆ. ಮಜ್ಜೆಗಾಗಿ ಒಡೆದ ಎಲುಬುಗಳೂ ಇವೆ. ಅಟ್ಟಿದವರೂ ಕಾದವರೂ ಆ ದಂಡೆಯಲ್ಲೇ ಕುಳಿತು ಉಂಡಿರಬೇಕು.