ಎಡಕ್ಕೆ ಬಾಯಿ ತೆರೆದ ಕಾಫ್

ಟೊರಾಂಟೊದ ಒಂದು ಮನೆ ಎಂದುಕೊಳ್ಳಿ. ಅಮ್ಮ ಮಗುವಿನ ಜೊತೆ ಹೀಬ್ರೂ ಮಾತಾಡುತ್ತಾಳೆ, ಅಪ್ಪ ಇಂಗ್ಲಿಷ್. ಫ್ರಿಜ್ಜಿನ ಬಾಗಿಲ ತುಂಬ ಎರಡೂ ಭಾಷೆಗಳ ಮ್ಯಾಗ್ನೆಟ್ ಅಕ್ಷರಗಳು. ಇಂಗ್ಲಿಷಿನ ‘ಸಿ’ ಬಲಕ್ಕೆ ಬಾಯಿ ತೆರೆದಿದ್ದರೆ ಹೀಬ್ರೂವಿನ ‘ಕಾಫ್’ ಎಡಕ್ಕೆ ತೆರೆದಿದೆ. ಸಾಲದ್ದಕ್ಕೆ ಎರಡಕ್ಕೂ ‘ಕ’ ಎಂಬ ಉಚ್ಚಾರ ಉಂಟು. ಹೀಬ್ರೂವಿನ ‘ಸಾಮೆಖ್’ ನೋಡಲು ಇಂಗ್ಲಿಷಿನ ‘ಓ’ದಂತೆಯೇ, ಓದಿದರೆ ‘ಸ’. ಹೀಬ್ರೂ ಸಾಲು ಬಲದಿಂದ ಎಡಕ್ಕೆ ಓಡುತ್ತದೆ, ಇಂಗ್ಲಿಷ್ ಎಡದಿಂದ ಬಲಕ್ಕೆ. ಎರಡೂವರೆ ವರ್ಷದ ಕೂಸಿಗೆ ಗೊಂದಲವಾಗದೇ ಎಂದು ಅಜ್ಜಿ ಕೇಳಿದರೆ ತಪ್ಪೇನಿಲ್ಲ.

ಗೊಂದಲ ಆಗುತ್ತದೆ. ಆದರೆ ಅದರ ಮೂಲ ಎರಡು ಲಿಪಿಗಳಲ್ಲಿಲ್ಲ. ಚಹಾ ಕಪ್ಪಿನ ಹಿಡಿ ಎಡಕ್ಕಿದ್ದರೂ ಬಲಕ್ಕಿದ್ದರೂ ಅದು ಅದೇ ಕಪ್ಪು. ಮೆದುಳು ದಿಕ್ಕನ್ನು ಲೆಕ್ಕಕ್ಕೇ ಇಡುವುದಿಲ್ಲ. ಹೀಗೆ ವಸ್ತು, ಮುಖ ಗುರುತಿಸುವ ಎಡ ಮೆದುಳಿನ ಭಾಗವೊಂದನ್ನೇ ನಾವು ಓದಿಗೆ ಮರುಬಳಕೆ ಮಾಡಿಕೊಳ್ಳುತ್ತೇವೆ ಎನ್ನುತ್ತಾರೆ ಫ್ರಾನ್ಸಿನ ನರವಿಜ್ಞಾನಿ ಸ್ಟಾನಿಸ್ಲಾಸ್ ದೆಹೆನ್. ಅಕ್ಷರಕ್ಕೆ ಮಾತ್ರ ದಿಕ್ಕು ಮುಖ್ಯ ಎಂಬುದು ಆ ಭಾಗಕ್ಕೆ ಒಗ್ಗಲು ವರ್ಷಗಳೇ ಬೇಕು. ಒಂದೇ ಲಿಪಿ ಕಲಿಯುವ ಮಕ್ಕಳೂ ಐದಾರನೇ ವಯಸ್ಸಿನಲ್ಲಿ ಅಕ್ಷರಗಳನ್ನು ತಿರುಗುಮುರುಗು ಬರೆಯುತ್ತವೆ.

ಎರಡು ಲಿಪಿಗಳಿಂದ ಲಾಭವೂ ಇದೆ. ಅದೇ ಟೊರಾಂಟೊದ ಯಾರ್ಕ್ ವಿಶ್ವವಿದ್ಯಾಲಯದ ಮನೋವಿಜ್ಞಾನಿ ಎಲೆನ್ ಬಿಯಾಲಿಸ್ಟಾಕ್ ಒಂದು ಸರಳ ಪರೀಕ್ಷೆ ಹೂಡಿದರು. ‘ನಾಯಿ’ ಎಂದು ಬರೆದ ಚೀಟಿಯನ್ನು ನಾಯಿಯ ಚಿತ್ರದ ಕೆಳಗಿಟ್ಟು ಮಗುವಿಗೆ ಓದಿ ಹೇಳುವುದು, ಆಮೇಲೆ ಅದು ಅಕಸ್ಮಾತ್ತಾಗಿ ಮರದ ಚಿತ್ರದ ಕೆಳಗೆ ಸರಿಯುವಂತೆ ಮಾಡಿ, ಈಗ ಏನು ಬರೆದಿದೆ ಎಂದು ಕೇಳುವುದು. ಓದು ಬಾರದ ನಾಲ್ಕೈದು ವರ್ಷದ ಎಷ್ಟೋ ಮಕ್ಕಳು ‘ಮರ’ ಎಂದುಬಿಡುತ್ತವೆ. ಎರಡು ಭಾಷೆಗಳ ಪುಸ್ತಕ ನೋಡಿ ಬೆಳೆದವು ಹೆಚ್ಚಾಗಿ ‘ನಾಯಿ’ ಎಂದೇ ಹೇಳಿದವು. ಬರಹದ ಅರ್ಥ ಪಕ್ಕದ ಚಿತ್ರದಲ್ಲಲ್ಲ, ಗೀಟುಗಳಲ್ಲೇ ಇದೆ ಎಂಬುದು ಅವಕ್ಕೆ ಬೇಗ ಹೊಳೆದಿತ್ತು. ಹೀಬ್ರೂ–ಇಂಗ್ಲಿಷ್ ಮಕ್ಕಳಲ್ಲೂ ಇದು ಕಂಡಿದೆ.

ಹೀಬ್ರೂವಿನಲ್ಲಿರುವುದು 22 ಅಕ್ಷರ. ಅವುಗಳಲ್ಲಿ 5ಕ್ಕೆ ಪದದ ಕೊನೆಯಲ್ಲಿ ಬೇರೆಯೇ ರೂಪ. ಸ್ವರ ತೋರಿಸಲು ‘ನಿಕುದ್’ ಎಂಬ ಚುಕ್ಕೆ–ಗೀಟುಗಳಿವೆ. ಮಕ್ಕಳ ಪುಸ್ತಕದಲ್ಲಿ ಅವನ್ನು ಅಚ್ಚುಹಾಕುತ್ತಾರೆ, ದಿನಪತ್ರಿಕೆಯಲ್ಲಿ ಬಿಡುತ್ತಾರೆ. ತೊಡಕಿರುವುದು ಜೋಡಿಗಳಲ್ಲಿ. ‘ದಾಲೆತ್’ಗೆ ಮೇಲಿನ ಮೂಲೆ ಚೂಪು, ‘ರೇಶ್’ಗೆ ದುಂಡು, ಅಷ್ಟೇ ವ್ಯತ್ಯಾಸ. ‘ಹೇ’ ಮತ್ತು ‘ಹೆತ್’ ನಡುವೆ ಇರುವುದು ಎಡಗಾಲಿನ ಮೇಲಿನ ಒಂದು ಸಣ್ಣ ಸಂದು. ಇಂಥ ಅವಳಿಗಳನ್ನು ಒಂದೇ ದಿನ ಎದುರಿಗಿಡುವುದು ಮಗುವಿಗೆ ಅನ್ಯಾಯ.

ಮಧ್ಯಯುಗದ ಜರ್ಮನಿಯ ಯಹೂದಿಗಳು ಹಲಗೆಯ ಅಕ್ಷರಗಳಿಗೆ ಜೇನು ಸವರಿ ಮಗುವಿಗೆ ನೆಕ್ಕಿಸುತ್ತಿದ್ದರು. ಅಕ್ಕಿಯಲ್ಲಿ ‘ಅ’ ತಿದ್ದಿದ ನಮಗೆ ಇದೇನೂ ವಿಚಿತ್ರವಲ್ಲ. ಆದರೆ ಗೋಡೆಗೆ ಚಾರ್ಟು ತೂಗಿಸಿ ಮೊದಲಕ್ಷರ ಆಲೆಫ್‌ನಿಂದ ಸಾಲಾಗಿ ಒಪ್ಪಿಸುವ ತರಾತುರಿ ಬೇಡವೆನಿಸುತ್ತದೆ. ಮಕ್ಕಳು ಸಾಮಾನ್ಯವಾಗಿ ಮೊದಲು ಹಿಡಿಯುವುದು ತಮ್ಮ ಹೆಸರಿನ ಮೊದಲಕ್ಷರವನ್ನು. ಇಸ್ರೇಲಿನ ಸಂಶೋಧಕಿಯರಾದ ಡೊರಿತ್ ಅರಾಮ್ ಮತ್ತು ಐರಿಸ್ ಲೆವಿನ್ ಶಿಶುವಿಹಾರದ ಮಕ್ಕಳು ತಾಯಂದಿರ ಜೊತೆ ಪದ ಬರೆಯುವುದನ್ನು ಗಮನಿಸಿದರು. ತಾನೇ ಬರೆದುಕೊಡದೆ ‘ಮೊದಲು ಯಾವ ಸದ್ದು ಕೇಳಿತು?’ ಎಂಬಂತೆ ದಾರಿ ತೋರಿದ ತಾಯಂದಿರ ಮಕ್ಕಳು ಓದುಬರಹದಲ್ಲಿ ಮುಂದಿದ್ದರು.

ಒಂದು ಮಾತು ಉಳಿಯಿತು. ಹೀಬ್ರೂವಿನ ಕೈಬರಹದ ಅಕ್ಷರಗಳು ಅಚ್ಚಿನವಕ್ಕಿಂತ ಬಹಳ ಬೇರೆ. ಇಸ್ರೇಲಿನಲ್ಲೂ ಅವನ್ನು ಶಾಲೆ ಸೇರಿದ ಮೇಲೆಯೇ ಕಲಿಸುತ್ತಾರೆ. ಮಗುವನ್ನು ಪಕ್ಕದಲ್ಲಿ ಕೂರಿಸಿಕೊಂಡು ದಿನಸಿ ಪಟ್ಟಿ ಬರೆಯುವಾಗ ಅಮ್ಮ ಅಚ್ಚಿನ ಅಕ್ಷರದಲ್ಲೇ ಬರೆಯುವುದು ಮೇಲು.